ಸೆಕೆಂಡ್ ಹ್ಯಾಂಡ್ ಬೊಲೆರೊ ಪಿಕಪ್: ಎಲ್ಲಿ ಕೈಕೊಡುತ್ತದೆ, ಯಾವ ರಿಪೇರಿಗೆ ಎಷ್ಟು ಬೀಳುತ್ತದೆ

ಹಳೇ ಪಿಕಪ್ ನೋಡಲು ಹೋದವರು ಮೊದಲು ಕೇಳುವುದು ಎರಡೇ ಪ್ರಶ್ನೆ. ಯಾವ ಮಾಡೆಲ್? ಎಷ್ಟು ಓಡಿದೆ? ನಾನು ಮೊದಲು ಕೇಳುವುದು ಬೇರೆ. ಈ ಗಾಡಿ ಇಷ್ಟು ವರ್ಷ ಏನು ಹೊತ್ತಿದೆ?

ಮೀಟರ್ ತಿದ್ದಬಹುದು. ಪೇಂಟ್ ಹೊಡೆಸಬಹುದು. ಹೊಸ ಸೀಟ್ ಕವರ್ ಹಾಕಿಸಬಹುದು. ಹೊತ್ತ ಹೊರೆಯ ಗುರುತು ಮಾತ್ರ ಗಾಡಿ ಮೈಯಿಂದ ಹೋಗುವುದಿಲ್ಲ. ಜಲ್ಲಿ ಹೊತ್ತ ಗಾಡಿ ಒಂದು ಕಡೆ ಸೋತಿರುತ್ತದೆ, ಮೀನು ಹೊತ್ತದ್ದು ಇನ್ನೊಂದು ಕಡೆ. ಇದು ಗೊತ್ತಿದ್ದರೆ ಎಲ್ಲಿ ಬಗ್ಗಿ ನೋಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ನನಗೆ ಇದು ಗೊತ್ತಿರಲಿಲ್ಲ. 2018ರಲ್ಲಿ ತರಕಾರಿ ಸಾಗಿಸಲು 2013ರ ಮಾಡೆಲ್ ಪಿಕಪ್ ಒಂದನ್ನು ಕೊಂಡೆ. ನಾವು ಹೋಗುವ ಮೊದಲೇ ಗಾಡಿಯನ್ನು ಒಮ್ಮೆ ಸ್ಟಾರ್ಟ್ ಮಾಡಿ, ಕಾಯಿಸಿ ನಿಲ್ಲಿಸಿದ್ದರು. ಒಂದೇ ಸೆಲ್ಫ್‌ಗೆ ಎದ್ದಿತು, ಹೊಗೆ ಇಲ್ಲ, ಶಬ್ದ ಇಲ್ಲ. ಖುಷಿಯಾಗಿ ಅಡ್ವಾನ್ಸ್ ಕೊಟ್ಟೆ. ಮನೆಗೆ ತಂದ ಮಾರನೇ ದಿನ ಬೆಳಿಗ್ಗೆ ಐದು ಗಂಟೆಗೆ ಸೆಲ್ಫ್ ಹೊಡೆದರೆ ಏಳಲೇ ಇಲ್ಲ. ನಾಲ್ಕು ತಿಂಗಳಲ್ಲಿ ಹಾಫ್ ಇಂಜಿನ್ ಕೆಲಸ ಮತ್ತು ಕ್ಲಚ್ ಸೇರಿ 62,000 ರೂಪಾಯಿ ಹೋಯಿತು. ಆ ದುಡ್ಡು ಮಗಳ ಫೀಸಿಗೆ ಅಂತ ಎತ್ತಿಟ್ಟದ್ದು. ಇನ್ನೊಬ್ಬರಿಗೆ ಹಾಗಾಗಬಾರದು ಅಂತಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಬೊಲೆರೊ ಪಿಕಪ್ಪನ್ನೇ ತೆಗೆದುಕೊಂಡಿದ್ದೇನೆ. ನಮ್ಮ ಹಳ್ಳಿಗಳಲ್ಲಿ, ಮಂಡಿಗಳಲ್ಲಿ ಜಾಸ್ತಿ ಓಡುವುದು ಅದೇ ಅಲ್ವಾ. ಅದರ 2523 ಸಿಸಿ ನಾಲ್ಕು ಸಿಲಿಂಡರ್ ಡೀಸೆಲ್ ಇಂಜಿನ್ ಪ್ರತಿ ಊರಿನ ಗ್ಯಾರೇಜ್ ಮೇಸ್ತ್ರಿಗೂ ಗೊತ್ತು, ಸ್ಪೇರ್ ಎಲ್ಲ ಕಡೆ ಸಿಗುತ್ತದೆ. ಕೆಳಗೆ ಕೊಟ್ಟ ರೇಟುಗಳು ಹೊರಗಿನ ಗ್ಯಾರೇಜಿನ ಅಂದಾಜು, ಸಾಮಾನು ಮತ್ತು ಕೂಲಿ ಸೇರಿ. ಊರು, ಮಾಡೆಲ್, ಸಾಮಾನಿನ ಕಂಪನಿ ನೋಡಿ ಹೆಚ್ಚುಕಮ್ಮಿ ಆಗುತ್ತದೆ. ಶೋರೂಮಿನಲ್ಲಿ ಇದಕ್ಕಿಂತ ಜಾಸ್ತಿಯೇ.

ಹೆಜ್ಜೆ 1: ಹೊರೆಯ ಕಥೆ ಕೇಳಿ

ಓನರ್ ಹತ್ತಿರ ನೇರವಾಗಿ ಕೇಳಿ. ಏನು ಲೋಡ್? ಎಲ್ಲಿಂದ ಎಲ್ಲಿಗೆ? ಡ್ರೈವರ್ ಒಬ್ಬರೇನಾ, ಬದಲಾಗುತ್ತಿದ್ದರಾ? ಆಮೇಲೆ ಹಿಂದಿನ ಬಾಡಿ ಹತ್ತಿ ನೋಡಿ. ಅಲ್ಲಿ ಸುಳ್ಳು ನಡೆಯುವುದಿಲ್ಲ.

ಬಾಡಿಯ ತಗಡು ತಗ್ಗುಬಿದ್ದು, ಪಕ್ಕದ ಡೋರು ಹೊರಕ್ಕೆ ಉಬ್ಬಿದ್ದರೆ ಅದು ಕಲ್ಲು, ಜಲ್ಲಿ, ಎಂ-ಸ್ಯಾಂಡ್ ಹೊತ್ತ ಗಾಡಿ. 1.7 ಟನ್ ಹೊರುವ ಗಾಡಿಗೆ ಮೂರು ಟನ್ ತುಂಬಿಸಿರುತ್ತಾರೆ. ಹಿಂದಿನ ಪ್ಲೇಟ್ (ಭಾರ ತಡೆಯುವ ಸ್ಪ್ರಿಂಗ್ ಪಟ್ಟಿಗಳು), ಹೌಸಿಂಗ್ (ಹಿಂದಿನ ಚಕ್ರಗಳ ಆಕ್ಸಲ್ ಇರುವ ಕವಚ), ಚಾಸಿಸ್ (ಇಡೀ ಗಾಡಿ ಕೂರುವ ಕಬ್ಬಿಣದ ಚೌಕಟ್ಟು) ಮೂರನ್ನೂ ಅನುಮಾನಿಸಿ.

ಮಲ್ಪೆ, ಮಂಗಳೂರು, ಕಾರವಾರದ ಕಡೆ ಮೀನು ಹೊತ್ತದ್ದಾದರೆ ಇಂಜಿನ್ ಚೆನ್ನಾಗಿರಬಹುದು, ಆದರೆ ಉಪ್ಪುನೀರು ಸೋರಿ ಸೋರಿ ಕೆಳಗಿನ ಕಬ್ಬಿಣ ತಿಂದುಹೋಗಿರುತ್ತದೆ. ಬಾಡಿ ತೊಳೆಸಿ ಬಣ್ಣ ಹೊಡೆದಿದ್ದರೂ ಬಿಸಿಲಿಗೆ ನಿಲ್ಲಿಸಿದರೆ ಮೂಲೆಯಿಂದ ವಾಸನೆ ಏಳುತ್ತದೆ.

ಕೋಲಾರದ ಟೊಮೆಟೊ, ಚಿಕ್ಕಬಳ್ಳಾಪುರದ ಹೂವು ತರಕಾರಿ ಹೊತ್ತ ಗಾಡಿಗಳ ಮೈ ನೀಟಾಗಿರುತ್ತದೆ. ಆದರೆ ಮಾರ್ಕೆಟ್ ಟೈಮಿಗೆ ಮುಟ್ಟಬೇಕು ಅಂತ ರಾತ್ರಿ ಪೂರ್ತಿ ಓಡಿಸಿರುತ್ತಾರೆ. ಅಲ್ಲಿ ಮೀಟರ್ ನಂಬಬೇಡಿ, ಇಂಜಿನ್ ನೋಡಿ. ಚಾರ್ಮಾಡಿ, ಆಗುಂಬೆ, ಶಿರಾಡಿ ಹತ್ತಿಳಿದ ಮಲೆನಾಡಿನ ಗಾಡಿಗಳಲ್ಲಿ ಕ್ಲಚ್ಚು, ಬ್ರೇಕು ಮೊದಲು ಸವೆಯುತ್ತವೆ.

ನನ್ನನ್ನು ಕೇಳಿದರೆ ಹಾಲಿನ ಕ್ಯಾನ್, ಬೇಕರಿ ಸಾಮಾನು, ಪೀಠೋಪಕರಣ ಹೊತ್ತ ಗಾಡಿಗೆ ಹತ್ತಿಪ್ಪತ್ತು ಸಾವಿರ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಹೆಜ್ಜೆ 2: ಮನೆಯಲ್ಲೇ ಕೂತು ಕಾಗದ ನೋಡಿ

ಗಾಡಿ ನಂಬರ್ ಸಿಕ್ಕ ತಕ್ಷಣ ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿ. ಎಷ್ಟನೇ ಓನರ್, ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಎಲ್ಲಿಯವರೆಗೆ, ಇನ್ಶೂರೆನ್ಸ್ ಮುಗಿದಿದೆಯಾ, ಸಾಲ ಇದೆಯಾ, ಎಲ್ಲ ಬರುತ್ತದೆ. ಟ್ರಾಫಿಕ್ ದಂಡ ಬಾಕಿ ಇದ್ದರೆ ಅದನ್ನೂ ಬೇರೆಯಾಗಿ ನೋಡಿಕೊಳ್ಳಿ.

ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಎಂಟು ದಾಟಿದರೆ ಪ್ರತಿ ವರ್ಷ. ಹಾಗಾಗಿ ಎಂಟು ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಖರ್ಚು ಅಂತ ಒಂದು ಮೊತ್ತ ಎತ್ತಿಡಲೇಬೇಕು. ಟಿಂಕರಿಂಗ್, ಪೇಂಟ್, ಲೈಟು, ರಿಫ್ಲೆಕ್ಟರ್ ಸ್ಟಿಕರ್ ಎಲ್ಲ ಸೇರಿ 10,000ದಿಂದ 20,000ದವರೆಗೆ ಸುಲಭವಾಗಿ ಹೋಗುತ್ತದೆ.

ಆರ್‌ಸಿಯಲ್ಲಿ ಖಾಲಿ ತೂಕ, ಒಟ್ಟು ತೂಕ ಎರಡೂ ಇರುತ್ತವೆ. ಒಂದರಿಂದ ಇನ್ನೊಂದು ಕಳೆದರೆ ಎಷ್ಟು ಹೊರಬಹುದು ಅನ್ನುವುದು ಸಿಗುತ್ತದೆ. ಒಟ್ಟು ತೂಕ 3,000 ಕೆಜಿ ಮೀರಿದ್ದರೆ ಪರ್ಮಿಟ್ ಬೇಕು, ಅದರೊಳಗಿದ್ದರೆ ಬೇಡ. ಲೈಸೆನ್ಸ್ ಬಗ್ಗೆ ಹೆದರಬೇಕಿಲ್ಲ. ಕಾರಿನ ಎಲ್‌ಎಂವಿ ಲೈಸೆನ್ಸಿನಲ್ಲೇ 7,500 ಕೆಜಿ ಒಳಗಿನ ಸರಕು ಗಾಡಿ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಮತ್ತೆ ಖಚಿತಪಡಿಸಿದೆ.

ಬೇರೆ ರಾಜ್ಯದ ಗಾಡಿ ಅಗ್ಗಕ್ಕೆ ಸಿಗುತ್ತದೆ ಅಂತ ಓಡಬೇಡಿ. ಅಲ್ಲಿಂದ ಫಾರಂ 28ರಲ್ಲಿ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನುವ ಪತ್ರ) ತರಬೇಕು, ಇಲ್ಲಿ ಟ್ಯಾಕ್ಸ್ ಕಟ್ಟಬೇಕು, ಹೊಸ ನಂಬರ್ ಆಗಬೇಕು. ಉಳಿದ ದುಡ್ಡು ಅಲ್ಲೇ ಹೋಗುತ್ತದೆ.

ಹೆಜ್ಜೆ 3: ಬೆಳಿಗ್ಗೆ ಹೋಗಿ, ತಣ್ಣಗಿನ ಇಂಜಿನ್ ನೋಡಿ

ಇದೊಂದನ್ನು ಮಾತ್ರ ಬಿಡಬೇಡಿ. ಬೆಳಿಗ್ಗೆ ಆರು ಗಂಟೆಗೆ ಬರುತ್ತೇವೆ, ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಈಗ ನಾನು ಗಾಡಿ ನೋಡಲು ಹೋದಾಗಲೆಲ್ಲ ನಮ್ಮ ಮೇಸ್ತ್ರಿಯನ್ನೂ ಕರೆದುಕೊಂಡು ಹೋಗುತ್ತೇನೆ. ಅವನು ಯಾರ ಹತ್ತಿರವೂ ಮಾತಾಡುವುದಿಲ್ಲ. ಸೀದಾ ಹೋಗಿ ಬಾನೆಟ್ ಮೇಲೆ ಅಂಗೈ ಇಡುತ್ತಾನೆ. ಒಂದು ಸಲ ಹೀಗೆ ಕೈ ಇಟ್ಟು, "ಅಣ್ಣಾ, ಬೆಚ್ಚಗಿದೆ. ಇನ್ನೊಂದು ದಿನ ಬರೋಣ" ಅಂದ. ಅಷ್ಟೇ. ಟೀ ಕುಡಿದು ವಾಪಸ್ ಬಂದೆವು. 

ಬಾನೆಟ್ ತಣ್ಣಗಿದ್ದರೆ ಮುಂದುವರಿಯಿರಿ. ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡಿ. ಡೀಸೆಲ್ ಇಂಜಿನಿನ ಆಯಿಲ್ ಕಪ್ಪಗಿರುವುದು ಸಹಜ. ಹಾಲು ಬೆರೆಸಿದ ಟೀ ಬಣ್ಣ ಇದ್ದರೆ ನೀರು ಸೇರಿದೆ ಅಂತ ಅರ್ಥ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ರೇಡಿಯೇಟರ್ ಮುಚ್ಚಳವನ್ನು ಇಂಜಿನ್ ತಣ್ಣಗಿದ್ದಾಗಲೇ ತೆಗೆಯಬೇಕು. ಒಳಗೆ ಬಣ್ಣದ ಕೂಲೆಂಟ್ ಬದಲು ತುಕ್ಕುನೀರು ಕಂಡರೆ ಇಷ್ಟು ವರ್ಷ ಬೋರ್‌ವೆಲ್ ನೀರನ್ನೇ ಹೊಯ್ದಿದ್ದಾರೆ. ರೇಡಿಯೇಟರ್ ಕ್ಲೀನ್ ಮಾಡಿಸಲು 1,500, ಹೊಸದು ಹಾಕಿಸಲು 7,000ದಿಂದ 10,000. ಹೆಡ್ ಇಳಿಸಿ, ಅದರ ಮೈ ಸಮ ಮಾಡುವ ಫೇಸಿಂಗ್ ಮಾಡಿಸಿ, ಗ್ಯಾಸ್ಕೆಟ್ ಹಾಕಿಸಿದರೆ 10,000ದಿಂದ 18,000.

ಈಗ ಸೆಲ್ಫ್ ಹೊಡೆಯಿರಿ. ಒಂದೆರಡು ಸಲಕ್ಕೆ ಏಳಬೇಕು. ಸೈಲೆನ್ಸರ್ ಹತ್ತಿರ ಒಬ್ಬರು ನಿಂತಿರಲಿ. ಚಳಿಗೆ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆ ಇಲ್ಲ. ಇಂಜಿನ್ ಕಾದ ಮೇಲೂ ನಿಲ್ಲದಿದ್ದರೆ ನಾಜಲ್ (ಇಂಜಿನಿನೊಳಗೆ ಡೀಸೆಲ್ ಚಿಮ್ಮಿಸುವ ಭಾಗ) ಸರಿ ಇಲ್ಲ ಅಥವಾ ಒಳಗೆ ನೀರು ಹೋಗುತ್ತಿದೆ. ಕಪ್ಪು ಹೊಗೆ ಅಂದರೆ ಏರ್ ಫಿಲ್ಟರ್, ನಾಜಲ್, ಟರ್ಬೊ ಪೈಪ್, ಇಜಿಆರ್ (ಹೊಗೆಯ ಒಂದು ಭಾಗವನ್ನು ಇಂಜಿನಿಗೇ ವಾಪಸ್ ಬಿಡುವ ವಾಲ್ವ್) ಇವುಗಳಲ್ಲಿ ಏನೋ ಒಂದು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಅದು ದೊಡ್ಡ ಖರ್ಚು.

ಆಮೇಲೆ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು, ಹಾಗೇ ಬಾಯಿ ಮೇಲೆ ಸಡಿಲವಾಗಿ ಇಡಿ. ಇಂಜಿನ್ ಐಡಲ್‌ನಲ್ಲಿ ಓಡುತ್ತಿರಲಿ. ಮುಚ್ಚಳ ಸ್ವಲ್ಪ ನಡುಗಿದರೆ ಪರವಾಗಿಲ್ಲ. ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ ಕುಣಿದು, ಪಕ್ಕದಿಂದ ಹೊಗೆ ಪಫ್ ಪಫ್ ಅಂತ ತಳ್ಳುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿದೆ. ಕಂಪ್ರೆಷನ್ ಕೆಳಗೆ ಸೋರುತ್ತಿದೆ. ಈ ಗಾಡಿಗೆ ಇವತ್ತಲ್ಲ ನಾಳೆ ಇಂಜಿನ್ ಬಿಚ್ಚಲೇಬೇಕು. ನನ್ನ ಮೊದಲ ಗಾಡಿಯಲ್ಲಿ ಈ ಒಂದು ನಿಮಿಷದ ಪರೀಕ್ಷೆ ಮಾಡಿದ್ದರೆ ಸಾಕಿತ್ತು.

ಹಾಫ್ ಇಂಜಿನ್ ಕೆಲಸಕ್ಕೆ, ಅಂದರೆ ರಿಂಗ್, ಬೇರಿಂಗ್, ವಾಲ್ವ್ ಕೆಲಸಕ್ಕೆ 35,000ದಿಂದ 50,000. ಬೋರ್, ಕ್ರ್ಯಾಂಕ್ ಎಲ್ಲ ಸೇರಿ ಫುಲ್ ಇಂಜಿನ್ ಆದರೆ 70,000ದಿಂದ 1.2 ಲಕ್ಷ. ಟರ್ಬೊ ರಿಪೇರಿ 8,000ದಿಂದ 15,000, ಹೊಸದು ಅದರ ಎರಡರಷ್ಟು ಅಥವಾ ಜಾಸ್ತಿ. ಕಾಮನ್ ರೈಲ್ ಗಾಡಿಗಳಲ್ಲಿ, ಅಂದರೆ ಡೀಸೆಲ್ ಬಿಡುವುದನ್ನು ಕಂಪ್ಯೂಟರ್ ನೋಡಿಕೊಳ್ಳುವ ಗಾಡಿಗಳಲ್ಲಿ, ನಾಜಲ್ ಒಂದಕ್ಕೆ ಸರ್ವಿಸ್ 3,000ದಿಂದ 6,000, ಹೊಸದು 12,000 ಮೇಲೆ. ನಾಲ್ಕು ನಾಜಲ್ ಇವೆ ಅನ್ನುವುದು ನೆನಪಿರಲಿ. ಇಜಿಆರ್ ಕ್ಲೀನಿಂಗ್ ಸುಮಾರು 1,500.

ಇಲ್ಲಿ ಮಾಡೆಲ್ ವರ್ಷದ ಮಾತು ಬರುತ್ತದೆ. ಹಳೇ ಡಿಐ ಇಂಜಿನಿನ ಗಾಡಿಗಳಲ್ಲಿ ಪಂಪು ಮೆಕ್ಯಾನಿಕಲ್. ಹೊಗೆ ಜಾಸ್ತಿ, ಆದರೆ ಹಳ್ಳಿ ಮೇಸ್ತ್ರಿ ಸ್ಪ್ಯಾನರ್ ಹಿಡಿದು ಸರಿ ಮಾಡುತ್ತಾನೆ. ಹೊಗೆ ಮಿತಿಯ ನಿಯಮಗಳಾಗಿ 2017ರ ಏಪ್ರಿಲಿನಿಂದ ದೇಶದೆಲ್ಲೆಡೆ ಬಿಎಸ್4, 2020ರ ಏಪ್ರಿಲಿನಿಂದ ಬಿಎಸ್6 ಬಂತು. ಬಿಎಸ್6 ಡೀಸೆಲ್ ಗಾಡಿಯ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಪೇಟೆಯೊಳಗೇ ನಾಲ್ಕು ನಾಲ್ಕು ಕಿಲೋಮೀಟರ್ ಓಡಿದ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಮೀಟರಿನಲ್ಲಿ ಲೈಟ್ ಉರಿಯುತ್ತದೆ, ಗಾಡಿಯ ಎಳೆತ ಕಮ್ಮಿಯಾಗುತ್ತದೆ. ಕ್ಲೀನ್ ಮಾಡಿಸಲು 5,000ದಿಂದ 10,000. ಪೂರ್ತಿ ಹಾಳಾಗಿದ್ದರೆ ಬೆಲೆ ಅರ್ಧ ಲಕ್ಷ ದಾಟುತ್ತದೆ. ಕೆಲವರು ಅದನ್ನು ಕತ್ತರಿಸಿ ತೆಗೆಸಿರುತ್ತಾರೆ. ಅಂಥ ಗಾಡಿ ಬೇಡವೇ ಬೇಡ, ಅದು ಕಾನೂನಿಗೂ ವಿರುದ್ಧ, ಎಫ್‌ಸಿಯಲ್ಲೂ ತೊಂದರೆ. ಬಿಎಸ್6 ಗಾಡಿಗೆ ಸ್ಕ್ಯಾನರ್ ಹಾಕಿಸದೆ ದುಡ್ಡು ಕೊಡಬೇಡಿ. ಸ್ಕ್ಯಾನಿಂಗ್‌ಗೆ 500ದಿಂದ 1,000 ಕೇಳುತ್ತಾರೆ, ಕೊಡಿ.

ಹೆಜ್ಜೆ 4: ಗೋಣಿಚೀಲ ಹಾಸಿ ಗಾಡಿ ಕೆಳಗೆ ಮಲಗಿ

ಇಂಜಿನ್ ಎಷ್ಟೇ ಕೆಟ್ಟಿದ್ದರೂ ದುಡ್ಡು ಹಾಕಿದರೆ ಸರಿಯಾಗುತ್ತದೆ. ಚಾಸಿಸ್ ಹಾಗಲ್ಲ. ಟಾರ್ಚ್ ಹಿಡಿದು ಎರಡೂ ಕಡೆಯ ಉದ್ದ ಚಾನೆಲ್ ಮೇಲೆ ಮುಂದಿನಿಂದ ಹಿಂದಿನವರೆಗೆ ಬೆಳಕು ಬಿಡಿ. ಕ್ಯಾಬಿನ್ ಮುಗಿಯುವ ಜಾಗ, ಹಿಂದಿನ ಪ್ಲೇಟ್ ಕೂರುವ ಬ್ರಾಕೆಟ್ ಜಾಗ, ಈ ಎರಡು ಕಡೆ ಬಿರುಕು ಬರುವುದು. ಉಳಿದ ಕಡೆ ಧೂಳು ಮಣ್ಣು ಇದ್ದು, ಒಂದು ಗೇಣು ಜಾಗ ಮಾತ್ರ ಕಪ್ಪು ಪೇಂಟಿನಿಂದ ಮಿಂಚುತ್ತಿದ್ದರೆ ಉಗುರಿನಿಂದ ಕೆರೆದು ನೋಡಿ. ಕೆಳಗೆ ವೆಲ್ಡಿಂಗ್ ಗಂಟು ಸಿಗಬಹುದು. ಸಿಕ್ಕರೆ ನಮಸ್ಕಾರ ಹೇಳಿ ಬನ್ನಿ. ರೇಟು ಎಷ್ಟು ಇಳಿಸಿದರೂ ತೆಗೆದುಕೊಳ್ಳಬೇಡಿ. ತುಂಬಿದ ಗಾಡಿಯ ಚಾಸಿಸ್ ರಸ್ತೆಯಲ್ಲಿ ಮುರಿದರೆ ಹೋಗುವುದು ಜೀವ.

ಆಕ್ಸಿಡೆಂಟ್ ಆಗಿ ಚಾಸಿಸ್ ತಿರುಚಿದೆಯಾ ಅಂತ ನೋಡಲು ಒಂದು ಸುಲಭ ದಾರಿ ಇದೆ. ನೆಲಕ್ಕೆ ಒಂದು ಬಕೆಟ್ ನೀರು ಚೆಲ್ಲಿ. ಗಾಡಿಯನ್ನು ಅದರ ಮೇಲೆ ಹಾಯಿಸಿ, ಒಣಗಿದ ಸಿಮೆಂಟ್ ನೆಲದ ಮೇಲೆ ನೇರವಾಗಿ ಓಡಿಸಿ. ಮುಂದಿನ ಟೈರು ಮತ್ತು ಹಿಂದಿನ ಟೈರಿನ ಒದ್ದೆ ಗುರುತು ಎಡಕ್ಕೂ ಬಲಕ್ಕೂ ಒಂದೇ ರೀತಿ ಕೂರಬೇಕು. ಎಡಗಡೆ ಹಿಂದಿನ ಟೈರು ಎರಡು ಬೆರಳು ಹೊರಗೆ, ಬಲಗಡೆ ಎರಡು ಬೆರಳು ಒಳಗೆ ಬಂದರೆ ಗಾಡಿ ಅಡ್ಡ ನಡೆಯುತ್ತಿದೆ. ಪ್ಲೇಟುಗಳನ್ನು ಹಿಡಿದಿಡುವ ಸೆಂಟರ್ ಬೋಲ್ಟ್ ಮುರಿದು ಹೌಸಿಂಗ್ ಜರುಗಿದ್ದರೆ 2,000ದೊಳಗೆ ಸರಿ ಹೋಗುತ್ತದೆ. ಅದಲ್ಲದಿದ್ದರೆ ಚಾಸಿಸ್ ತಿರುಚಿದೆ.

ಆಮೇಲೆ ಪ್ಲೇಟ್ ಎಣಿಸಿ. ಎಡಕ್ಕೂ ಬಲಕ್ಕೂ ಲೆಕ್ಕ ಒಂದೇ ಇರಬೇಕು. ತುಕ್ಕು ಹಿಡಿದ ಪ್ಲೇಟುಗಳ ನಡುವೆ ಒಂದು ಹೊಸದು ಕಂಡರೆ ಕಟ್ ಆಗಿ ಹಾಕಿಸಿದ್ದಾರೆ. ಅದು ತಪ್ಪಲ್ಲ, ಪಿಕಪ್ ಅಂದಮೇಲೆ ಪ್ಲೇಟ್ ಕಟ್ ಆಗುತ್ತದೆ. ಎರಡೂ ಕಡೆ ಎಕ್ಸ್‌ಟ್ರಾ ಪ್ಲೇಟ್ ಸೇರಿಸಿದ್ದರೆ ಮಾತ್ರ ಓವರ್‌ಲೋಡ್ ಗಾಡಿ ಅಂತ ಬರೆದಿಟ್ಟುಕೊಳ್ಳಿ. ಒಂದು ಪ್ಲೇಟ್ ಬದಲಿಸಲು ಕೂಲಿ ಸೇರಿ 1,500ದಿಂದ 3,000. ಹಿಂದಿನ ಎರಡೂ ಸೆಟ್ ಹೊಸದಾದರೆ 15,000 ಆಸುಪಾಸು. ಬುಷ್, ಶ್ಯಾಕಲ್ ಪಿನ್ ಎಲ್ಲ 2,000ದಿಂದ 3,000.

ತುಕ್ಕು ನೋಡಲು ಸ್ಕ್ರೂಡ್ರೈವರ್ ಹಿಡಿಯಿಂದ ಕ್ಯಾಬಿನ್ ನೆಲ, ಬಾಡಿಯ ಅಡ್ಡ ಪಟ್ಟಿ ತಟ್ಟುತ್ತಾ ಹೋಗಿ. ಟಣ್ ಅಂದರೆ ಸರಿ. ಮಂಕಾಗಿ ಡಬ್ ಅಂದು ಪುಡಿ ಉದುರಿದರೆ ಒಳಗೆ ತಿಂದಿದೆ. ಬಾಡಿ ನೆಲದ ತಗಡು ಬದಲಿಸಲು 12,000ದಿಂದ 30,000 ಇಟ್ಟುಕೊಳ್ಳಿ.

ಕೆಳಗಿರುವಾಗಲೇ ಚಾಸಿಸ್ ನಂಬರ್ ನೋಡಿ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಸಿ ಜೊತೆ ಒಂದೊಂದು ಅಕ್ಷರ ಹೋಲಿಸಿ. ಅಕ್ಷರ ಸಾಲು ತಪ್ಪಿದ್ದರೆ, ಸುತ್ತ ಉಜ್ಜಿದ ಗುರುತಿದ್ದರೆ ಕಳ್ಳಗಾಡಿ ಇರಬಹುದು.

ಹೆಜ್ಜೆ 5: ಓಡಿಸಿ ನೋಡಿ, ಆದರೆ ರೇಡಿಯೋ ಆಫ್ ಮಾಡಿ

ಖಾಲಿ ಪಿಕಪ್ ಎಲ್ಲವೂ ಚೆನ್ನಾಗಿಯೇ ಓಡುತ್ತದೆ. ಹಾಗಾಗಿ ಅರ್ಧ ಟನ್ ಆದರೂ ತುಂಬಿಸಿ, ಒಂದು ಏರಿಗೆ ಹತ್ತಿಸಿ. ತೂಕಕ್ಕೆ ಅಂತ ಐದಾರು ಜನ ಹಿಂದೆ ಹತ್ತುವುದು ಬೇಡ, ಅದು ಅಪಾಯ. ಹತ್ತಿರದ ಅಂಗಡಿಯಿಂದ ಹತ್ತು ಮೂಟೆ ಸಿಮೆಂಟ್ ಹಾಕಿದರೆ ಅರ್ಧ ಟನ್ ಆಯಿತು.

ಕ್ಲಚ್ ನೋಡಲು ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ಕ್ಲಚ್ ನಿಧಾನ ಬಿಡಿ. ಮುಂದೆ ಯಾರೂ ನಿಂತಿರಬಾರದು. ಇಂಜಿನ್ ಆಫ್ ಆದರೆ ಕ್ಲಚ್ ಹಿಡಿಯುತ್ತಿದೆ. ಓಡುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರೂ ಸೇರಿ ಕೂಲಿ ಸಮೇತ 9,000ದಿಂದ 13,000. ಕ್ಲಚ್ ಪ್ಲೇಟ್ ಒಂದೇ ಹಾಕಿಸಿ ದುಡ್ಡು ಉಳಿಸಲು ಹೋಗಬೇಡಿ, ಆರು ತಿಂಗಳಲ್ಲಿ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ.

ಓಡುವಾಗ ಆಕ್ಸಿಲರೇಟರ್ ಬಿಟ್ಟ ತಕ್ಷಣ ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಗೇರ್‌ಬಾಕ್ಸ್ ಕೆಲಸ ಇದೆ, 10,000ದಿಂದ 25,000. ರಿವರ್ಸ್‌ನಿಂದ ಫಸ್ಟ್‌ಗೆ ಹಾಕುವಾಗ ಕೆಳಗೆ ಟಕ್ ಅಂದರೆ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಹೋಗಿದೆ, ಒಂದಕ್ಕೆ 1,000ದಿಂದ 1,800. ಐವತ್ತು ಅರವತ್ತರ ಸ್ಪೀಡಿನಲ್ಲಿ ಹಿಂದಿನಿಂದ ಊಂ ಅಂತ ಕೊರೆಯುವ ಶಬ್ದ ಬಂದು, ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಕೇಳಿದರೆ ಅದು ಹೌಸಿಂಗ್ ಒಳಗಿನ ಹಲ್ಲುಚಕ್ರ, ಅಂದರೆ ಕ್ರೌನ್ ಪಿನಿಯನ್. 15,000ದಿಂದ 25,000 ಬೀಳುತ್ತದೆ. ಶಬ್ದ ಬದಲಾಗದೆ ಸ್ಪೀಡಿನ ಜೊತೆ ಏರುತ್ತಾ ಹೋದರೆ ವೀಲ್ ಬೇರಿಂಗ್ ಅಷ್ಟೇ, ಎರಡು ಮೂರು ಸಾವಿರದಲ್ಲಿ ಮುಗಿಯುತ್ತದೆ. ಮಾರುವವರು ಈ ಶಬ್ದ ಮುಚ್ಚಲು ಹಾಡು ಹಾಕುತ್ತಾರೆ ಅಥವಾ ಬಿಡದೆ ಮಾತಾಡುತ್ತಾರೆ. ಕಿಟಕಿ ಇಳಿಸಿ, ಸ್ವಲ್ಪ ಹೊತ್ತು ಸುಮ್ನೆ ಕೇಳಿಸಿಕೊಳ್ಳಿ.

ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯಬಾರದು. ಹಿಂದಿನ ಟೈರಿನ ಒಳಮೈ ಒದ್ದೆಯಾಗಿದ್ದರೆ ವೀಲ್ ಸಿಲಿಂಡರ್ ಅಥವಾ ಆಯಿಲ್ ಸೀಲ್ ಸೋರುತ್ತಿದೆ. ಮುಂದಿನ ಪ್ಯಾಡ್, ಹಿಂದಿನ ಲೈನರ್, ಸಿಲಿಂಡರ್ ಸೇರಿ 5,000ದಿಂದ 8,000.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಬಟನ್ (ಟೈರಿನ ಮೇಲ್ಮೈಯ ಹಲ್ಲು) ಇದ್ದರೂ ಆರೇಳು ವರ್ಷ ಹಳೆಯ ಟೈರು ಲೋಡಿಗೆ ಬೇಡ. ಹೊಸದು ಒಂದಕ್ಕೆ 6,500ದಿಂದ 9,000. ಬ್ಯಾಟರಿಗೆ 6,000ದಿಂದ 8,500. ಇಂಜಿನ್ ಓಡುವಾಗ ಬ್ಯಾಟರಿಗೆ ಮೀಟರ್ ಹಿಡಿದರೆ 14 ವೋಲ್ಟ್ ಹತ್ತಿರ ತೋರಿಸಬೇಕು. ಇಲ್ಲದಿದ್ದರೆ ಡೈನಮೋ ನೋಡಿಸಿ.

ಹೆಜ್ಜೆ 6: ಚೀಟಿ ಬರೆದು ರೇಟು ಮಾತಾಡಿ

"ಇಂಜಿನ್ ಸರಿ ಇಲ್ಲ, ಕಮ್ಮಿ ಮಾಡಿ" ಅಂದರೆ ಯಾರೂ ಕಮ್ಮಿ ಮಾಡುವುದಿಲ್ಲ. ಕೆಲಸ ಮತ್ತು ರೇಟು ಬರೆದ ಚೀಟಿ ಮುಂದಿಡಿ. ಮೊನ್ನೆ ನಮ್ಮ ಭಾವನಿಗೆ ಒಂದು ಗಾಡಿ ನೋಡಿದೆವು. ಓನರ್ ಹೇಳಿದ್ದು 4.75 ಲಕ್ಷ. ನಾವು ಬರೆದದ್ದು ಹೀಗೆ: ಕ್ಲಚ್ 11,000, ಎರಡು ಟೈರು 15,000, ಬ್ಯಾಟರಿ 7,000, ಪ್ಲೇಟ್ ಮತ್ತು ಬುಷ್ 6,000, ನಾಲ್ಕು ನಾಜಲ್ ಸರ್ವಿಸ್ 16,000. ಒಟ್ಟು 55,000. "ಯಜಮಾನ್ರೇ, ನಿಮ್ಮ ಮೇಸ್ತ್ರಿಗೇ ಫೋನ್ ಮಾಡಿ ಕೇಳಿ, ರೇಟು ಜಾಸ್ತಿ ಬರೆದಿದ್ದರೆ ತಿದ್ದೋಣ" ಅಂದೆ. ಅವರು ಫೋನ್ ಮಾಡಿ ಕೇಳಿದರು. 4.30ಕ್ಕೆ ಮುಗಿಯಿತು.

ಚೀಟಿಯಲ್ಲಿ ಬಾರದ ಕೆಲಸಕ್ಕೆ ಇನ್ನೊಂದು 30,000 ಕೈಯಲ್ಲಿರಲಿ. ಅಷ್ಟು ಉಳಿಯುವುದಿಲ್ಲ ಅಂದರೆ ಅದಕ್ಕಿಂತ ಕಡಿಮೆ ಬೆಲೆಯ ಗಾಡಿ ನೋಡಿ. ಇಎಂಐ ಒಂದು ಕಡೆ, ಗ್ಯಾರೇಜಿನಲ್ಲಿ ನಿಂತ ಗಾಡಿ ಇನ್ನೊಂದು ಕಡೆ, ಎರಡನ್ನೂ ಒಟ್ಟಿಗೆ ತಡೆದುಕೊಳ್ಳುವುದು ಬಹಳ ಕಷ್ಟ.

ಹೆಜ್ಜೆ 7: ಹೆಸರು ಬದಲಾವಣೆ ಮತ್ತು ಮೊದಲ ವಾರ

ಹೆಸರು ಬದಲಾವಣೆಯ ಫಾರಂ 29 ಮತ್ತು 30ಕ್ಕೆ ಓನರ್ ಸಹಿ ಹಾಕಿಸಿಕೊಳ್ಳಿ. ಗಾಡಿ ಮೇಲೆ ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲ ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. "ಆಮೇಲೆ ಮಾಡಿಸೋಣ" ಅಂತ ಬಿಟ್ಟವರು ಆಕ್ಸಿಡೆಂಟ್ ಆದಾಗ ಕೋರ್ಟು ಅಲೆದದ್ದು ನೋಡಿದ್ದೇನೆ.

ಗಾಡಿ ತಂದ ಮೊದಲ ವಾರ ಲೋಡ್ ಹಾಕಬೇಡಿ. ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಕೂಲೆಂಟ್ ಬದಲಿಸಿ. ಗೇರ್ ಮತ್ತು ಹೌಸಿಂಗ್ ಆಯಿಲ್ ಕೂಡ. ಎಲ್ಲ ಸೇರಿ 7,000ದಿಂದ 9,000 ಆಗುತ್ತದೆ. ಹೌಸಿಂಗ್ ಆಯಿಲ್ ಇಳಿಸುವಾಗ ಪಕ್ಕದಲ್ಲೇ ನಿಂತು ಬೆರಳಿಗೆ ಹಚ್ಚಿ ನೋಡಿ, ಕಬ್ಬಿಣದ ಹೊಳಪು ಪುಡಿ ಸಿಕ್ಕರೆ ಕ್ರೌನ್ ಸವೆಯುತ್ತಿದೆ. ಮೊದಲ ಟ್ರಿಪ್ ಅರ್ಧ ಲೋಡ್, ಹತ್ತಿರದ ಊರಿಗೆ ಮಾತ್ರ. ಮುಂದೆಯೂ ಆರ್‌ಸಿಯಲ್ಲಿ ಬರೆದಷ್ಟೇ ಹಾಕಿ. ಓವರ್‌ಲೋಡಿಗೆ ಕಾಯ್ದೆಯಲ್ಲಿ ಬರೆದಿರುವ ದಂಡವೇ 20,000, ಮೇಲೆ ಜಾಸ್ತಿಯಾದ ಪ್ರತಿ ಟನ್ನಿಗೆ 2,000.

ಇನ್ನೊಂದು ಕಾಗದ ಉಳಿಯಿತು. ಗಾಡಿ ಕೈ ಬದಲಾಗುವಾಗ ಡೆಲಿವರಿ ನೋಟ್ ಬರೆಸಿ, ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ. ಅದರಲ್ಲಿ ತಾರೀಕಿನ ಜೊತೆ ಗಂಟೆ ನಿಮಿಷವನ್ನೂ ಬರೆಸಿ. ಬೆಳಿಗ್ಗೆ ಹತ್ತಕ್ಕೆ ನೀವು ಗಾಡಿ ತಂದಿರುತ್ತೀರಿ, ಅದೇ ದಿನ ಬೆಳಿಗ್ಗೆ ಎಂಟಕ್ಕೆ ಆ ಗಾಡಿ ಯಾರಿಗೋ ತಾಗಿಸಿ ಬಂದಿದ್ದರೆ ಆಗ ಯಾರ ಕೈಯಲ್ಲಿತ್ತು ಅಂತ ಹೇಳುವುದು ಆ ಒಂದು ಸಾಲು ಮಾತ್ರ.